ವಿಕೋಪದ ನಂತರ ಬಡಾವಣೆಯನ್ನು ಮತ್ತೆ ಕಟ್ಟುವವರು ಯಾರು, ನಿರ್ಧರಿಸುವವರು ಯಾರು?

ನೆರೆಹೊರೆ (ಚರ್ಚೆ ಆರಂಭಿಸಿದವರು)

ಭೂಕಂಪವೋ ಪ್ರವಾಹವೋ ಬಂದುಹೋದ ಮೇಲೆ ಮೊದಲ ಕೆಲವು ವಾರ ಎಲ್ಲರೂ ಬರುತ್ತಾರೆ. ಊಟ, ಹೊದಿಕೆ, ಔಷಧ, ಕ್ಯಾಮೆರಾ ಎಲ್ಲವೂ ಬರುತ್ತವೆ. ಆದರೆ ಆಮೇಲಿನ ಎರಡು ಮೂರು ವರ್ಷಗಳಲ್ಲಿ ಆ ಜಾಗ ಮತ್ತೆ ಜನವಸತಿಯಾಗುವುದೋ ಅಥವಾ ಬೀಗ ಹಾಕಿದ ಮನೆಗಳ ಸಾಲಾಗಿ ಉಳಿಯುವುದೋ ಎಂಬುದನ್ನು ನಿರ್ಧರಿಸುವ ಸಂಗತಿಗಳೇ ಬೇರೆ. ನಿವಾಸಿಗಳು ತಾವೇ ಸಂಘಟಿತರಾಗಿ ಪುನರ್ನಿರ್ಮಾಣವನ್ನು ಕೈಗೆತ್ತಿಕೊಂಡ ಪ್ರಯತ್ನಗಳಲ್ಲಿ ಯಾವುವು ನಡೆದವು, ಯಾವುವು ಅರ್ಧಕ್ಕೆ ನಿಂತವು, ಅದಕ್ಕೆ ಕಾರಣಗಳೇನು ಎಂಬುದನ್ನು ಇಲ್ಲಿ ಚರ್ಚಿಸಬೇಕೆಂಬುದು ನನ್ನ ಕೋರಿಕೆ.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಯಾವ ಮನೆಯಲ್ಲಿ ಯಾರಿದ್ದಾರೆ, ಅವರಿಗೆ ಏನು ಬರುತ್ತದೆ, ಏನು ಬೇಕು ಎಂಬ ತಿಳಿವಳಿಕೆ ವಿಕೋಪಕ್ಕೆ ಮುಂಚೆಯೇ ಇದ್ದ ಬಡಾವಣೆ ಬೇಗ ಎದ್ದು ನಿಲ್ಲುತ್ತದೆ. ಜಪಾನಿನ ಕೋಬೆ ನಗರದಲ್ಲಿ 1995ರ ಜನವರಿ 17ರ ನಸುಕಿನಲ್ಲಿ ನಡೆದ ಭೂಕಂಪ 6,400ಕ್ಕೂ ಹೆಚ್ಚು ಜನರನ್ನು ಬಲಿ ತೆಗೆದುಕೊಂಡಿತು. ಅವಶೇಷಗಳಡಿ ಸಿಲುಕಿದ್ದ ಸುಮಾರು 35,000 ಜನರ ಪೈಕಿ 27,000ದಷ್ಟು ಮಂದಿಯನ್ನು ಹೊರಗೆಳೆದವರು ನೆರೆಹೊರೆಯವರು ಮತ್ತು ಮನೆಮಂದಿ ಎಂಬ ಅಂದಾಜನ್ನು ಈ ವಿಷಯದಲ್ಲಿ ಕೆಲಸ ಮಾಡುವವರೆಲ್ಲರೂ ಉಲ್ಲೇಖಿಸುತ್ತಾರೆ. ಅದೇ ನಗರದ ನಾಗಾತಾ ವಾರ್ಡಿನಲ್ಲಿ ಬೆಂಕಿ ಹಬ್ಬಿದಾಗ ಮಾನೋ ಎಂಬ ಬಡಾವಣೆಯ ಜನ ಸಾಲಾಗಿ ನಿಂತು ಬಕೆಟ್ಟುಗಳಲ್ಲಿ ನೀರು ಸಾಗಿಸಿ, ಸ್ಥಳೀಯ ಕಾರ್ಖಾನೆಯ ಅಗ್ನಿಶಾಮಕ ತಂಡದ ಜೊತೆ ಸೇರಿ ಬೆಂಕಿಯನ್ನು ತಡೆದರು. ಹತ್ತಿರದ ಇನ್ನೂ ಕೆಲವು ಬಡಾವಣೆಗಳಲ್ಲಿ ಜನ ನೋಡುತ್ತ ನಿಂತರು, ಮನೆಗಳು ಸುಟ್ಟವು. ಮಾನೋದವರು 1960ರ ದಶಕದಿಂದಲೇ ಕಾರ್ಖಾನೆಗಳ ಮಾಲಿನ್ಯದ ವಿರುದ್ಧ ಸಂಘಟಿತರಾಗಿದ್ದವರು. ಸಭೆ ಸೇರುವುದು, ಜಗಳವಾಡುವುದು, ಒಮ್ಮತಕ್ಕೆ ಬರುವುದು ಅವರಿಗೆ ಅಭ್ಯಾಸವಾಗಿತ್ತು. ಹೊಗೆಯ ವಿರುದ್ಧ ಹುಟ್ಟಿದ ಸಂಘಟನೆ ಮೂವತ್ತು ವರ್ಷಗಳ ನಂತರ ಬೆಂಕಿಯ ಎದುರು ಕೆಲಸಕ್ಕೆ ಬಂತು.

ಹಾಗಾಗಿ ನನ್ನ ಪ್ರಶ್ನೆ ಇದು: ನಿವಾಸಿಗಳ ಸಮಿತಿ ಯಾವ ಕೆಲಸವನ್ನು ತಾನೇ ಮಾಡಬೇಕು, ಯಾವುದನ್ನು ಸರ್ಕಾರದಿಂದ ಮಾಡಿಸಬೇಕು, ಮತ್ತು ಮೊದಲ ತಿಂಗಳಲ್ಲಿ ಅದರ ಕೈಯಲ್ಲಿ ಏನಿರಬೇಕು?

ಗಾರೆಗೋಡೆ

ನಾನು ಕಟ್ಟಡ ಇಂಜಿನಿಯರ್. ಹಾಗಾಗಿ ಮನೆಗಳ ಮಟ್ಟಿಗೆ ಮಾತ್ರ ಹೇಳುತ್ತೇನೆ.

ಮಹಾರಾಷ್ಟ್ರದ ಲಾತೂರ್ ಮತ್ತು ಗುಜರಾತಿನ ಕಚ್ ಇವೆರಡನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದರೆ ನಿಮ್ಮ ಪ್ರಶ್ನೆಗೆ ಬಹುಪಾಲು ಉತ್ತರ ಸಿಗುತ್ತದೆ. 1993ರ ಸೆಪ್ಟೆಂಬರ್ 30ರ ಲಾತೂರ್ ಭೂಕಂಪದ ನಂತರ ಅತಿ ಹೆಚ್ಚು ಹಾನಿಗೊಳಗಾದ 52 ಗ್ರಾಮಗಳನ್ನು ಸಂಪೂರ್ಣವಾಗಿ ಹೊಸ ಜಾಗಕ್ಕೆ ಸ್ಥಳಾಂತರಿಸಲಾಯಿತು. ಮನೆಗಳನ್ನು ಹೆಚ್ಚಾಗಿ ಗುತ್ತಿಗೆದಾರರೂ ದಾನಿ ಸಂಸ್ಥೆಗಳೂ ಕಟ್ಟಿಕೊಟ್ಟವು. ನೇರ ರಸ್ತೆಗಳ ಚೌಕುಳಿ ವಿನ್ಯಾಸದಲ್ಲಿ ಹರಡಿಕೊಂಡ ಆ ಹೊಸ ಊರುಗಳಲ್ಲಿ ಹಳೆಯ ಓಣಿಯ ಅಕ್ಕಪಕ್ಕದವರು ಎಲ್ಲೆಲ್ಲೋ ಚದುರಿಹೋದರು. ಇದೇ ಯೋಜನೆಯ ಇನ್ನೊಂದು ಭಾಗ ಅಷ್ಟು ಪ್ರಸಿದ್ಧವಲ್ಲ. ಸಾವಿರಕ್ಕೂ ಹೆಚ್ಚು ಗ್ರಾಮಗಳಲ್ಲಿ ಬಿರುಕುಬಿಟ್ಟ ಮನೆಗಳನ್ನು ಅವುಗಳ ಮಾಲೀಕರೇ ದುರಸ್ತಿ ಮಾಡಿ ಬಲಪಡಿಸಿಕೊಳ್ಳಬೇಕಿತ್ತು. ಸರ್ಕಾರ ಹಣ, ಸಾಮಗ್ರಿ ಮತ್ತು ತಾಂತ್ರಿಕ ಸಲಹೆ ಕೊಡುತ್ತಿತ್ತು. ಅಲ್ಲಿ ಸ್ವಯಂ ಶಿಕ್ಷಣ ಪ್ರಯೋಗ್ ಸಂಸ್ಥೆಯ ಮೂಲಕ ಊರಿನ ಮಹಿಳೆಯರೇ ‘ಸಂವಾದ ಸಹಾಯಕ’ರಾಗಿ ನೇಮಕಗೊಂಡು, ಕಂತು ಯಾವಾಗ ಬರುತ್ತದೆ, ಗೋಡೆಗೆ ಏನು ಮಾಡಿಸಬೇಕು, ಇಂಜಿನಿಯರ್ ಬರದಿದ್ದರೆ ಯಾರನ್ನು ಕೇಳಬೇಕು ಎಂಬುದನ್ನು ಮನೆಮನೆಗೆ ತಿಳಿಸಿದರು. ಆ ಕೆಲಸದಲ್ಲಿ ಪಳಗಿದವರು ಮುಂದೆ ಗುಜರಾತಿಗೂ ಹೋಗಿ ಅಲ್ಲಿನ ಮಹಿಳೆಯರಿಗೆ ನೆರವಾದರು.

ಗುಜರಾತಿನಲ್ಲಿ 2001ರ ಜನವರಿ 26ರ ಭೂಕಂಪದ ನಂತರ ಸುಮಾರು ಎರಡು ಲಕ್ಷ ಮನೆಗಳನ್ನು ಮತ್ತೆ ಕಟ್ಟಬೇಕಾಯಿತು. ಸ್ಥಳಾಂತರದ ಪ್ರಸ್ತಾವ ಬಂದಾಗ ಬಹುಪಾಲು ಗ್ರಾಮಗಳು ಒಪ್ಪಲಿಲ್ಲ. ಕೊನೆಗೆ ಹಣ ನೇರವಾಗಿ ಮನೆಯವರ ಬ್ಯಾಂಕ್ ಖಾತೆಗೆ ಮೂರು ಕಂತುಗಳಲ್ಲಿ ಬಂತು. ಪಾಯದ ಹಂತ ಮುಗಿದ ಮೇಲೆ, ಗೋಡೆ ಲಿಂಟಲ್ (ಬಾಗಿಲು ಕಿಟಕಿಗಳ ಮೇಲಿನ ಅಡ್ಡತೊಲೆ) ಮಟ್ಟ ತಲುಪಿದ ಮೇಲೆ ಇಂಜಿನಿಯರ್ ಬಂದು ಪರಿಶೀಲಿಸಿ ದೃಢೀಕರಿಸಿದರೆ ಮಾತ್ರ ಮುಂದಿನ ಕಂತು. ಮೇಸ್ತ್ರಿಗಳಿಗೆ ತರಬೇತಿ ಕೊಡಲಾಯಿತು. ಕಛ್ ನವನಿರ್ಮಾಣ ಅಭಿಯಾನವೆಂಬ ಸಂಸ್ಥೆಗಳ ಒಕ್ಕೂಟವು ಗ್ರಾಮಗಳ ಗುಂಪಿಗೊಂದರಂತೆ ‘ಸೇತು’ ಕೇಂದ್ರಗಳನ್ನು ತೆರೆದು ಸರ್ಕಾರಕ್ಕೂ ಜನರಿಗೂ ನಡುವೆ ಮಾಹಿತಿ ಸಾಗುವಂತೆ ಮಾಡಿತು.

ಕಲ್ಲು ಎತ್ತಿದವರು ಯಾರು ಎಂಬುದಕ್ಕಿಂತ, ಅಡುಗೆಮನೆ ಯಾವ ದಿಕ್ಕಿಗಿರಬೇಕು, ಹಳೆಯ ಬಾಗಿಲು ಮರದ ತೊಲೆಗಳನ್ನು ಮತ್ತೆ ಬಳಸಬಹುದೇ, ಈ ವರ್ಷ ಒಂದೇ ಕೋಣೆ ಕಟ್ಟಿ ಮುಂದಿನ ವರ್ಷ ಇನ್ನೊಂದನ್ನು ಸೇರಿಸಬಹುದೇ ಎಂಬ ನಿರ್ಧಾರಗಳು ಯಾರ ಕೈಯಲ್ಲಿದ್ದವು ಎಂಬುದೇ ಇಲ್ಲಿ ಮುಖ್ಯ. ಆದರೆ ಗೋಡೆಗಳನ್ನು ಸುತ್ತಲೂ ಬಿಗಿದಿಡುವ ಭೂಕಂಪ ನಿರೋಧಕ ಕಾಂಕ್ರೀಟ್ ಪಟ್ಟಿಯನ್ನು ಹಾಕಬೇಕೇ ಬೇಡವೇ ಎಂಬುದನ್ನು ಮನೆಯವರಿಗೆ ಬಿಡಲಿಲ್ಲ, ಬಿಡಲೂಬಾರದು. ಅದನ್ನು ಹಾಕದಿದ್ದರೆ ಕಂತು ಬರುವುದಿಲ್ಲ, ಅಷ್ಟೇ.

ಸ್ವಯಂಸೇವಕರಿಗೆ ಒಂದು ಮಾತು. ಬಿರುಕುಬಿಟ್ಟ ಗೋಡೆಯನ್ನು ಉತ್ಸಾಹದಿಂದ ಕೆಡವಲು ಹೋಗಬೇಡಿ. ಕೆಸರು ತೆಗೆಯುವುದು, ಸಾಮಾನು ಹೊರತರುವುದು, ತೇವದ ಗೋಡೆಯನ್ನು ಒಣಗಿಸುವುದು ನಿಮ್ಮ ಕೆಲಸ. ಅದಕ್ಕೂ ಮುಂಚೆ, ಏನನ್ನೂ ಮುಟ್ಟದೆ, ಪ್ರತಿ ಕೋಣೆಯ ಫೋಟೊ ತೆಗೆದಿಡಿ. ಸ್ವಚ್ಛಗೊಳಿಸಿದ ಮನೆಗೆ ಎಷ್ಟು ಹಾನಿಯಾಗಿತ್ತೆಂದು ಆಮೇಲೆ ಸಾಬೀತುಪಡಿಸುವುದು ಬಹಳ ಕಷ್ಟ.

ಬಾಡಿಗೆಮನೆ

ಮೇಲಿನ ಬರಹದಲ್ಲಿ ‘ಮಾಲೀಕರು’ ಎಂಬ ಪದ ಎಷ್ಟು ಸಹಜವಾಗಿ ಬಂದಿದೆ ಎಂಬುದನ್ನು ಗಮನಿಸಬೇಕೆಂದು ವಿನಂತಿ. ಮನೆಯವರ ಖಾತೆಗೆ ನೇರವಾಗಿ ಹಣ ಹಾಕುವ ಪದ್ಧತಿಯಲ್ಲಿ ಮನೆಯವರು ಎಂದರೆ ಹಕ್ಕುಪತ್ರ ಇರುವವರು. ನಗರದ ಬಡಾವಣೆಯೊಂದರಲ್ಲಿ ಅರ್ಧದಷ್ಟು ಜನ ಬಾಡಿಗೆಗೆ ಇರಬಹುದು. ಮನೆ ಬಿದ್ದರೆ ಮಾಲೀಕನಿಗೆ ಪರಿಹಾರ ಸಿಗುತ್ತದೆ, ಬಾಡಿಗೆದಾರನಿಗೆ ಹೆಚ್ಚೆಂದರೆ ಪಾತ್ರೆಪಗಡಕ್ಕೆ ಒಂದಿಷ್ಟು ಹಣ ಸಿಗುತ್ತದೆ. ಮನೆ ಮತ್ತೆ ಎದ್ದ ಮೇಲೆ ಬಾಡಿಗೆ ಏರಿರುತ್ತದೆ, ಹಳಬರು ಅಲ್ಲಿಗೆ ಮರಳುವುದಿಲ್ಲ. ಬಡಾವಣೆ ಚೇತರಿಸಿಕೊಂಡಿತು ಎಂದು ವರದಿಯಾಗುತ್ತದೆ, ಆದರೆ ಅಲ್ಲಿರುವವರು ಬೇರೆಯವರೇ ಆಗಿರುತ್ತಾರೆ.

ಬೇರೆ ರೀತಿಯಲ್ಲೂ ಮಾಡಬಹುದು ಎಂಬುದಕ್ಕೆ ಮೆಕ್ಸಿಕೊ ನಗರವೇ ಸಾಕ್ಷಿ. 1985ರ ಸೆಪ್ಟೆಂಬರ್ 19ರ ಭೂಕಂಪ ನಗರದ ಮಧ್ಯಭಾಗದ ಹಳೆಯ ವಠಾರಗಳನ್ನು ಜರ್ಜರಿತಗೊಳಿಸಿತು. ಒಂದು ಅಂಗಳದ ಸುತ್ತ ಹತ್ತಾರು ಬಿಡಾರಗಳಿರುವ ಆ ವಠಾರಗಳಲ್ಲಿದ್ದವರು ಬಹುಪಾಲು ಬಡ ಬಾಡಿಗೆದಾರರು. ಹಲವೆಡೆ ಬಾಡಿಗೆ ದಶಕಗಳಿಂದ ಕಾನೂನಿನ ಪ್ರಕಾರ ಸ್ಥಗಿತಗೊಂಡಿದ್ದರಿಂದ ಅವರನ್ನು ಹೊರಹಾಕಲು ಮಾಲೀಕರಿಗೆ ಇದೇ ಸದವಕಾಶವಾಗಿತ್ತು. ಆದರೆ ಜನ ಜಾಗ ಬಿಟ್ಟು ಕದಲಲಿಲ್ಲ, ಬೀದಿಯಲ್ಲೇ ಬಿಡಾರ ಹೂಡಿದರು, ಮೆರವಣಿಗೆ ತೆಗೆದರು, ಬಡಾವಣೆಗಳ ಸಂಘಟನೆಗಳೆಲ್ಲ ಸೇರಿ ಸಂತ್ರಸ್ತರ ಒಕ್ಕೂಟವೊಂದನ್ನು ಕಟ್ಟಿಕೊಂಡವು. ಅಕ್ಟೋಬರ್‌ನಲ್ಲಿ ಸರ್ಕಾರ ಸಾವಿರಾರು ಆಸ್ತಿಗಳನ್ನು ಸ್ವಾಧೀನಪಡಿಸಿಕೊಂಡಿತು. 1986ರ ಮೇ ತಿಂಗಳಲ್ಲಿ ಸರ್ಕಾರ, ಸಂತ್ರಸ್ತರ ಸಂಘಟನೆಗಳು, ವಿಶ್ವವಿದ್ಯಾಲಯಗಳು ಹಾಗೂ ತಾಂತ್ರಿಕ ಸಂಸ್ಥೆಗಳು ಲಿಖಿತ ಒಪ್ಪಂದಕ್ಕೆ ಸಹಿ ಹಾಕಿದವು. 1987ರ ಹೊತ್ತಿಗೆ ಸುಮಾರು 48,000 ಮನೆಗಳು ಅವರವರ ಹಳೆಯ ಜಾಗದಲ್ಲೇ ಸಿದ್ಧವಾದವು. ಬಾಡಿಗೆದಾರರಾಗಿದ್ದವರು ಸುಲಭ ಕಂತಿನ ಸಾಲದಲ್ಲಿ ಅದೇ ಜಾಗದ ಒಡೆಯರಾದರು.

ಗುಜರಾತಿನ ಯೋಜನೆಯಿಂದಲೂ ಕಲಿಯಬೇಕಾದದ್ದು ಒಂದಿದೆ, ಅದನ್ನು ಇಂಜಿನಿಯರ್ ಮಹನೀಯರು ಬಿಟ್ಟಿದ್ದಾರೆ. ಅಲ್ಲಿ ಹೊಸ ಮನೆಯನ್ನು ಗಂಡ ಹೆಂಡತಿ ಇಬ್ಬರ ಹೆಸರಿನಲ್ಲಿ ಜಂಟಿಯಾಗಿ ನೋಂದಾಯಿಸುವ ನೀತಿ ಇತ್ತು. ಅಂದರೆ ಹಕ್ಕು ಯಾರದೆಂದು ತಿದ್ದುವುದಕ್ಕೆ ಪುನರ್ನಿರ್ಮಾಣವೇ ಒಳ್ಳೆಯ ಸಮಯ. ಮನೆ ಎದ್ದು ಹತ್ತು ವರ್ಷವಾದ ಮೇಲೆ ಆ ತಿದ್ದುಪಡಿ ಯಾರಿಂದಲೂ ಆಗುವುದಿಲ್ಲ.

ಲೆಕ್ಕಪುಸ್ತಕ

ಎಲ್ಲರೂ ಮನೆಯ ಬಗ್ಗೆ ಬರೆಯುತ್ತಿದ್ದೀರಿ. ನಿವಾಸಿಗಳ ಸಮಿತಿಗಳು ಮುರಿದುಬೀಳುವುದು ಸಾಮಾನ್ಯವಾಗಿ ಹಣದ ವಿಷಯಕ್ಕೆ. ಬಹಳಷ್ಟು ಕಡೆ ಕಳ್ಳತನವೇನೂ ನಡೆದಿರುವುದಿಲ್ಲ. ಲೆಕ್ಕ ಯಾರಿಗೂ ಕಾಣದಿದ್ದರೆ ಕಳ್ಳತನದ ಗುಮಾನಿ ತಾನಾಗಿಯೇ ಹುಟ್ಟುತ್ತದೆ, ಮತ್ತು ಸಮಿತಿಯನ್ನು ಒಡೆಯಲು ಗುಮಾನಿಯೊಂದೇ ಸಾಕು.

2006ರ ಮೇ 27ರಂದು ಇಂಡೊನೇಷ್ಯಾದ ಜಾವಾದಲ್ಲಿ ಯೋಗ್ಯಕರ್ತಾ ಸುತ್ತಮುತ್ತ ಭೂಕಂಪವಾಗಿ 5,700ಕ್ಕೂ ಹೆಚ್ಚು ಜನ ಸತ್ತರು, ಲಕ್ಷಾಂತರ ಮನೆಗಳು ಹಾಳಾದವು. ಅಲ್ಲಿ ಅನುಸರಿಸಿದ ಕ್ರಮದಲ್ಲಿ ಅಕ್ಕಪಕ್ಕದ ಹತ್ತು ಹದಿನೈದು ಕುಟುಂಬಗಳು ಒಂದು ಗುಂಪಾಗಿ, ಜಂಟಿ ಖಾತೆ ತೆರೆದು, ಹಣ ಹಂತಹಂತವಾಗಿ ಆ ಖಾತೆಗೆ ಬಂದು, ಗುಂಪೇ ಸಾಮಗ್ರಿ ಖರೀದಿ ಮಾಡಿ ಕೆಲಸದ ಸರದಿಯನ್ನು ನಿರ್ಧರಿಸುತ್ತಿತ್ತು. ಇಲ್ಲಿ ಗುಂಪಿನ ಗಾತ್ರವೇ ಮುಖ್ಯ. ಹದಿನೈದು ಮನೆಗಳಲ್ಲಿ ಯಾರ ಮನೆಗೆ ಎಷ್ಟು ಸಿಮೆಂಟ್ ಬಂತು ಎಂಬುದು ಎಲ್ಲರ ಕಣ್ಣಿಗೂ ಬೀಳುತ್ತದೆ. ಇನ್ನೂರು ಮನೆಗಳ ಸಮಿತಿಯಲ್ಲಿ ಖಜಾಂಚಿಯೊಬ್ಬನೇ ಬಲ್ಲ. ಆದ್ದರಿಂದ ದೊಡ್ಡ ಸಮಿತಿ ಸರ್ಕಾರದೊಡನೆ ಮಾತನಾಡಲಿ, ಹಣ ಚಿಕ್ಕ ಗುಂಪುಗಳಲ್ಲೇ ಓಡಾಡಲಿ ಎಂಬುದು ನನ್ನ ಸಲಹೆ. ಜಮಾ-ಖರ್ಚನ್ನು ವಾರಕ್ಕೊಮ್ಮೆ ದಾರಿಹೋಕರಿಗೂ ಕಾಣುವಂತೆ ಫಲಕದಲ್ಲಿ ಬರೆದು ಹಾಕಬೇಕು. ವಾಟ್ಸಾಪ್‌ನಲ್ಲಿ ಕಳಿಸಿದರೆ ಸಾಲದು, ಫೋನ್ ಇಲ್ಲದವರೇ ಹೆಚ್ಚು ಅನುಮಾನದಲ್ಲಿರುತ್ತಾರೆ.

ವಸ್ತುರೂಪದ ದೇಣಿಗೆಯ ಬಗ್ಗೆಯೂ ಎಚ್ಚರ ಬೇಕು. ಕೇಳದೆ ಬರುವ ಹಳೆಯ ಬಟ್ಟೆಯ ರಾಶಿ ಜಾಗವನ್ನೂ ಜನರ ಸಮಯವನ್ನೂ ತಿನ್ನುತ್ತದೆ. 2012ರ ಅಕ್ಟೋಬರ್‌ನಲ್ಲಿ ಸ್ಯಾಂಡಿ ಚಂಡಮಾರುತ ನ್ಯೂಯಾರ್ಕಿಗೆ ಅಪ್ಪಳಿಸಿದಾಗ ‘ಆಕ್ಯುಪೈ ಸ್ಯಾಂಡಿ’ ಎಂಬ ಸ್ವಯಂಸೇವಕರ ಜಾಲ ಒಂದು ಚತುರ ಉಪಾಯ ಮಾಡಿತು. ಮದುವೆಯಾಗುವವರು ತಮಗೆ ಬೇಕಾದ ಉಡುಗೊರೆಗಳ ಪಟ್ಟಿ ಹಾಕಲೆಂದು ಅಮೆಜಾನ್‌ನಲ್ಲಿ ಇದ್ದ ಸೌಲಭ್ಯವನ್ನೇ ಬಳಸಿಕೊಂಡು, ಅಲ್ಲಿ ಸಲಿಕೆ, ಕೈಗವಸು, ನೀರೆತ್ತುವ ಪಂಪ್ ಮುಂತಾದವನ್ನು ನಮೂದಿಸಿತು. ದಾನಿಗಳು ಪಟ್ಟಿಯಲ್ಲಿದ್ದುದನ್ನೇ ಖರೀದಿಸಿ ಕಳಿಸಿದರು. ಬೇಕಾದದ್ದು ಬಂತು, ಬೇಡದ್ದು ಬರಲಿಲ್ಲ. ಮದುವೆ ಮಾತ್ರ ಯಾರದೂ ನಡೆಯಲಿಲ್ಲ.

ಮರುಪ್ರಶ್ನೆ

ನನ್ನ ಭಿನ್ನಾಭಿಪ್ರಾಯವನ್ನು ಸ್ಪಷ್ಟವಾಗಿ ದಾಖಲಿಸಲು ಬಯಸುತ್ತೇನೆ. ಈ ಚರ್ಚೆಯಲ್ಲಿ ‘ಸಮುದಾಯ’ವೆಂಬುದು ಒಂದೇ ಮನಸ್ಸಿನ, ಒಂದೇ ಹಿತಾಸಕ್ತಿಯ ಜನಸಮೂಹ ಎಂಬಂತೆ ಬಿಂಬಿತವಾಗುತ್ತಿದೆ. ನೆರೆಹೊರೆಯವರ ಬಾಂಧವ್ಯವೇ ಚೇತರಿಕೆಯ ಮುಖ್ಯ ಶಕ್ತಿ ಎಂದು ತೋರಿಸಿಕೊಟ್ಟವರಲ್ಲಿ ಪ್ರಮುಖರಾದ ಅಮೆರಿಕದ ರಾಜ್ಯಶಾಸ್ತ್ರಜ್ಞ ಡೇನಿಯಲ್ ಆಲ್ಡ್ರಿಚ್ ಅವರೇ ಅದರ ಇನ್ನೊಂದು ಮುಖವನ್ನೂ ತೋರಿಸಿದ್ದಾರೆ. 2004ರ ಸುನಾಮಿಯ ನಂತರ ತಮಿಳುನಾಡಿನ ಕರಾವಳಿಯ ಮೀನುಗಾರ ಗ್ರಾಮಗಳಲ್ಲಿ ಬಲವಾದ ಊರ ಪಂಚಾಯತಿಗಳಿದ್ದ ಕಡೆ ನೆರವು ಬೇಗ ಬಂತು, ವ್ಯವಸ್ಥಿತವಾಗಿ ಹಂಚಿಕೆಯಾಯಿತು. ಆದರೆ ಹಂಚಿಕೆ ನಡೆದದ್ದು ಆ ಪಂಚಾಯತಿಗಳ ಸದಸ್ಯರ ಪಟ್ಟಿಯ ಪ್ರಕಾರ. ಆ ಪಟ್ಟಿಯಲ್ಲಿ ವಂತಿಗೆ ಕೊಡುವ ಗಂಡಸರ ಕುಟುಂಬಗಳಿದ್ದವು. ವಿಧವೆಯರು, ದಲಿತರು, ಹೊರಗಿನಿಂದ ಬಂದು ನೆಲೆಸಿದವರು ಎಷ್ಟೋ ಕಡೆ ಹೊರಗೇ ಉಳಿದರು. ಚರ್ಚೆ ಆರಂಭಿಸಿದವರು ‘ಯಾವ ಮನೆಯಲ್ಲಿ ಯಾರಿದ್ದಾರೆ ಎಂಬ ತಿಳಿವಳಿಕೆ’ಯನ್ನು ಮೆಚ್ಚಿದ್ದಾರೆ. ಸರಿ, ಆದರೆ ಆ ತಿಳಿವಳಿಕೆ ಯಾರ ತಲೆಯಲ್ಲಿದೆ? ಯಾರು ಮನುಷ್ಯರೆಂದು ಲೆಕ್ಕಕ್ಕೆ ಬರುತ್ತಾರೆಂಬುದನ್ನು ಆ ತಲೆಯೇ ತಾನೇ ನಿರ್ಧರಿಸುವುದು?

ಎರಡನೆಯ ಆಕ್ಷೇಪಣೆ. ‘ಜನರೇ ಮುಂದೆ ಬಂದು ಮಾಡಿಕೊಂಡರು’ ಎಂಬ ಮೆಚ್ಚುಗೆ ಎಷ್ಟೋ ಬಾರಿ ಸರ್ಕಾರದ ಹೆಗಲಿನ ಹೊರೆಯನ್ನು ಜನರ ಹೆಗಲಿಗೆ ವರ್ಗಾಯಿಸುವ ಸಭ್ಯ ಮಾರ್ಗವಾಗಿರುತ್ತದೆ. ಅಮೆರಿಕದ ನ್ಯೂ ಆರ್ಲಿಯನ್ಸ್ ನಗರವನ್ನೇ ನೋಡಿ. 2005ರ ಆಗಸ್ಟ್ 29ರ ಕತ್ರಿನಾ ಚಂಡಮಾರುತದಲ್ಲಿ ಒಡ್ಡುಗಳು ಒಡೆದು ನಗರದ ಸುಮಾರು ಶೇ 80ರಷ್ಟು ಭಾಗ ಮುಳುಗಿತು. 2006ರ ಜನವರಿಯಲ್ಲಿ ಮೇಯರ್ ನೇಮಿಸಿದ್ದ ಆಯೋಗದ ಯೋಜನೆಯ ನಕ್ಷೆ ಪತ್ರಿಕೆಯಲ್ಲಿ ಪ್ರಕಟವಾಯಿತು. ತಗ್ಗಿನ ಕೆಲವು ಬಡಾವಣೆಗಳ ಮೇಲೆ ಹಸಿರು ಚುಕ್ಕೆಗಳಿದ್ದವು, ಅಂದರೆ ಮುಂದೆ ಅಲ್ಲಿ ಉದ್ಯಾನವಾಗಬಹುದು. ನಿಮ್ಮ ಬಡಾವಣೆಗೆ ಸಾಕಷ್ಟು ಜನ ಮರಳುತ್ತಾರೆಂದು ನೀವೇ ಕೆಲವು ತಿಂಗಳೊಳಗೆ ತೋರಿಸಿಕೊಡಿ ಎಂದು ಹೇಳಲಾಯಿತು. ಮನೆ ಕಳೆದುಕೊಂಡು ಬೇರೆ ಬೇರೆ ರಾಜ್ಯಗಳಲ್ಲಿ ಚದುರಿಹೋಗಿದ್ದ ಜನ ತಮ್ಮ ಬಡಾವಣೆ ಬದುಕಲು ಅರ್ಹವೆಂದು ಸಾಬೀತುಪಡಿಸಬೇಕಿತ್ತು. ಇದನ್ನು ಸಮುದಾಯದ ನಾಯಕತ್ವ ಎಂದು ಕರೆಯಲು ನನಗೆ ಮನಸ್ಸು ಬರುವುದಿಲ್ಲ.

ನೆರೆಹೊರೆ

ಎರಡೂ ಆಕ್ಷೇಪಣೆಗಳು ತೂಕವುಳ್ಳವು. ಆದರೆ ನ್ಯೂ ಆರ್ಲಿಯನ್ಸಿನ ಕಥೆಯನ್ನು ನೀವು ಅರ್ಧಕ್ಕೆ ನಿಲ್ಲಿಸಿದ್ದೀರಿ.

ಹಸಿರು ಚುಕ್ಕೆ ಬಿದ್ದ ಬಡಾವಣೆಗಳಲ್ಲಿ ಬ್ರಾಡ್‌ಮೂರ್ ಒಂದು. ಅಲ್ಲಿನ ನಿವಾಸಿಗಳ ಸಂಘ ಪ್ರತಿಭಟನಾ ಸಭೆಯ ಬೆನ್ನಲ್ಲೇ ಉಪಸಮಿತಿಗಳನ್ನು ರಚಿಸಿಕೊಂಡು, ಯಾರು ಮರಳುತ್ತಾರೆ, ಯಾವ ಮನೆಯ ದುರಸ್ತಿ ಯಾವ ಹಂತದಲ್ಲಿದೆ ಎಂಬುದನ್ನು ಬ್ಲಾಕುವಾರು ದಾಖಲಿಸಿತು. ಹಾರ್ವರ್ಡ್ ವಿಶ್ವವಿದ್ಯಾಲಯದವರು ಸೇರಿದಂತೆ ಹೊರಗಿನವರ ನೆರವು ಪಡೆದು ತನ್ನದೇ ಯೋಜನೆಯನ್ನು ಬರೆಯಿತು. ಮುಂದೆ ಶಾಲೆಯೂ ಗ್ರಂಥಾಲಯವೂ ಮತ್ತೆ ತೆರೆದವು. ನಗರದ ಪೂರ್ವ ತುದಿಯ ವಿಯೆಟ್ನಾಂ ಮೂಲದವರ ಬಡಾವಣೆ ಇನ್ನೂ ಗಮನಾರ್ಹ. ಅಲ್ಲಿನವರು ತಮ್ಮ ಚರ್ಚಿನ ಮೂಲಕ ಸಂಪರ್ಕದಲ್ಲಿದ್ದು ಬೇರೆಲ್ಲರಿಗಿಂತ ಮುಂಚೆ ಮರಳಿದರು, ಎಷ್ಟು ಜನ ಬಂದಿದ್ದಾರೆಂದು ವಿದ್ಯುತ್ ಕಂಪನಿಗೆ ಹೆಸರುಗಳ ಪಟ್ಟಿ ಕೊಟ್ಟು ಸಂಪರ್ಕ ಮರಳಿ ಪಡೆದರು. ಅವರ ನೆರೆಯಲ್ಲೇ ಚಂಡಮಾರುತದ ಕಸ ಸುರಿಯಲು ಭೂಭರ್ತಿ ತಾಣ ತೆರೆದಾಗ ಅಕ್ಕಪಕ್ಕದ ಆಫ್ರಿಕನ್-ಅಮೆರಿಕನ್ ನಿವಾಸಿಗಳೊಂದಿಗೂ ಪರಿಸರ ಸಂಘಟನೆಗಳೊಂದಿಗೂ ಕೈಜೋಡಿಸಿ ಹೋರಾಡಿ, 2006ರ ಆಗಸ್ಟ್‌ನಲ್ಲಿ ಅದನ್ನು ಮುಚ್ಚಿಸಿದರು.

ಈ ಸಾಬೀತಿನ ಹೊರೆ ಅನ್ಯಾಯದ್ದು ಎಂಬುದನ್ನು ನಾನೂ ಒಪ್ಪುತ್ತೇನೆ. ಆದರೆ ಹೊರೆ ಬಿದ್ದಾಗ ಪಟ್ಟಿ ಇದ್ದವರು ಉಳಿದರು.

ಬಾಡಿಗೆಮನೆ

ಪಟ್ಟಿ ಇದ್ದವರು ಉಳಿದರು, ಸರಿ. ಎಷ್ಟರ ಮಟ್ಟಿಗೆ ಉಳಿದರು ಎಂಬುದನ್ನು ಪರಿಹಾರದ ಸೂತ್ರ ನಿರ್ಧರಿಸಿತು. ಲೂಸಿಯಾನಾ ರಾಜ್ಯದ ‘ರೋಡ್ ಹೋಮ್’ ಯೋಜನೆ ಮನೆಯ ವಿಕೋಪಪೂರ್ವ ಮಾರುಕಟ್ಟೆ ಬೆಲೆ ಅಥವಾ ದುರಸ್ತಿಯ ವೆಚ್ಚ, ಇವೆರಡರಲ್ಲಿ ಯಾವುದು ಕಡಿಮೆಯೋ ಅದನ್ನು ಆಧರಿಸಿ ಅನುದಾನ ಕೊಡುತ್ತಿತ್ತು. ಕಪ್ಪು ಜನರ ಬಡಾವಣೆಗಳಲ್ಲಿ ಮನೆಗಳ ಮಾರುಕಟ್ಟೆ ಬೆಲೆ ಮೊದಲೇ ಕಡಿಮೆ. ಆದರೆ ಇಟ್ಟಿಗೆ, ಮರ, ಕೂಲಿಯ ದರ ಎಲ್ಲರಿಗೂ ಒಂದೇ. ಹೀಗಾಗಿ ಒಂದೇ ಬಗೆಯ ಹಾನಿಗೆ ಅವರಿಗೆ ಸಿಕ್ಕಿದ್ದು ಕಡಿಮೆ. 2008ರಲ್ಲಿ ಮೊಕದ್ದಮೆ ಹೂಡಲಾಯಿತು, 2011ರಲ್ಲಿ ರಾಜಿಯಾಯಿತು. ಕತ್ರಿನಾ ಬಂದುಹೋಗಿ ಅಷ್ಟರಲ್ಲಿ ಆರು ವರ್ಷಗಳಾಗಿದ್ದವು. ನಿವಾಸಿಗಳ ಸಮಿತಿಗಳು ಕೆಸರು ಬಾಚುವುದರಲ್ಲಿ ತೊಡಗಿರುವಾಗ ಇಂತಹ ಸೂತ್ರಗಳು ಎಲ್ಲೋ ದೂರದಲ್ಲಿ ತೀರ್ಮಾನವಾಗುತ್ತವೆ. ಕನಿಷ್ಠ ಇಬ್ಬರನ್ನಾದರೂ ಸಲಿಕೆಯಿಂದ ಬಿಡಿಸಿ ಸರ್ಕಾರಿ ಆದೇಶಗಳನ್ನು ಓದಲು ಕೂರಿಸಬೇಕು.

ಗಾರೆಗೋಡೆ

ಕೊನೆಯ ವಾಕ್ಯಕ್ಕೆ ನನ್ನ ಸಂಪೂರ್ಣ ಸಹಮತ.

ಮರುಪ್ರಶ್ನೆ ಅವರಿಗೆ ಒಂದು ಸ್ಪಷ್ಟನೆ. ಕೆಲವು ಜಾಗಗಳಲ್ಲಿ ಮತ್ತೆ ಕಟ್ಟಲೇಬಾರದು ಎಂಬುದೂ ನಿಜ. ನ್ಯೂಜಿಲೆಂಡಿನ ಕ್ರೈಸ್ಟ್‌ಚರ್ಚ್‌ನಲ್ಲಿ 2010ರ ಸೆಪ್ಟೆಂಬರ್ ಮತ್ತು 2011ರ ಫೆಬ್ರವರಿಯ ಭೂಕಂಪಗಳಲ್ಲಿ ನೆಲದೊಳಗಿನ ನೀರು ಮರಳು-ಹೂಳಿನೊಂದಿಗೆ ಉಕ್ಕಿ ಬಂದು ಬೀದಿಗಳನ್ನು ಮುಚ್ಚಿತು. ಎರಡನೆಯ ಭೂಕಂಪದಲ್ಲಿ 185 ಜನ ಸತ್ತರು. ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ಫೇಸ್‌ಬುಕ್ ಮೂಲಕ ಒಟ್ಟುಗೂಡಿ ಸಾವಿರಾರು ಸಂಖ್ಯೆಯಲ್ಲಿ ಸಲಿಕೆ, ಕೈಗಾಡಿ ಹಿಡಿದು ಮನೆಯಂಗಳಗಳ ಹೂಳು ತೆಗೆದರು. ಬಹಳ ಉಪಯುಕ್ತ ಕೆಲಸ. ಆದರೆ ಅಂಗಳವನ್ನು ಎಷ್ಟೇ ಸ್ವಚ್ಛಗೊಳಿಸಿದರೂ ಕೆಳಗಿನ ಮಣ್ಣು ಬದಲಾಗುವುದಿಲ್ಲ. ಕೊನೆಗೆ ಸರ್ಕಾರ ಸುಮಾರು 8,000 ವಸತಿ ಆಸ್ತಿಗಳಿದ್ದ ಪ್ರದೇಶವನ್ನು ಕೆಂಪು ವಲಯವೆಂದು ಗುರುತಿಸಿ, ಮನೆಗಳನ್ನು ಖರೀದಿಸಿ ಕೆಡವಿತು. ಮಣ್ಣಿನ ಪರೀಕ್ಷೆಯ ಫಲಿತಾಂಶವನ್ನು ಬಹುಮತದಿಂದ ತಿರಸ್ಕರಿಸಲು ಯಾವ ಸಮಿತಿಗೂ ಸಾಧ್ಯವಿಲ್ಲ. ಆ ಫಲಿತಾಂಶವನ್ನು ಪೂರ್ಣವಾಗಿ, ತಮಗೆ ಅರ್ಥವಾಗುವ ಭಾಷೆಯಲ್ಲಿ ಪಡೆಯುವ ಹಕ್ಕು ಮಾತ್ರ ಸಮಿತಿಗಿದೆ, ಅದನ್ನು ಬಿಟ್ಟುಕೊಡಬಾರದು.

ಆರೈಕೆ

ನಾನು ವಯೋವೃದ್ಧರ ಸೇವೆಯಲ್ಲಿರುವವಳು. ಇಷ್ಟು ಹೊತ್ತಿನ ಚರ್ಚೆಯಲ್ಲಿ ಮನೆ, ಹಣ, ಹಕ್ಕು ಬಂದವು. ತಾತ್ಕಾಲಿಕ ವಸತಿಯ ಅವಧಿ ಬರಲಿಲ್ಲ. ಪುನರ್ವಸತಿಯ ಅತಿ ದೊಡ್ಡ ನಷ್ಟಗಳಲ್ಲಿ ಕೆಲವು ಅಲ್ಲಿಯೇ ಆಗುತ್ತವೆ.

ಕೋಬೆಯ ಕಥೆಯನ್ನು ಮಾನೋದ ಬಕೆಟ್ ಸಾಲಿಗೆ ನಿಲ್ಲಿಸಿದರೆ ಅಪೂರ್ಣವಾಗುತ್ತದೆ. ಅಲ್ಲಿ ತಾತ್ಕಾಲಿಕ ಮನೆಗಳನ್ನು ಲಾಟರಿ ಎತ್ತಿ ಹಂಚಲಾಯಿತು, ವೃದ್ಧರಿಗೂ ಅಶಕ್ತರಿಗೂ ಆದ್ಯತೆ ಕೊಡಲಾಯಿತು. ಕೇಳಲು ನ್ಯಾಯಯುತವಾಗಿದೆ. ಪರಿಣಾಮವಾಗಿ, ಪರಸ್ಪರ ಪರಿಚಯವೇ ಇಲ್ಲದ ವೃದ್ಧರು ಊರಿನಿಂದ ದೂರದಲ್ಲಿ ಸಾಲುಸಾಲು ಮನೆಗಳಲ್ಲಿ ಒಬ್ಬೊಬ್ಬರೇ ಉಳಿದರು. ಒಂಟಿಯಾಗಿ ಸತ್ತು, ದಿನಗಳ ನಂತರವೇ ಪತ್ತೆಯಾದವರ ಸುದ್ದಿಗಳು ವರ್ಷಗಟ್ಟಲೆ ಬಂದವು. ಭೂಕಂಪದಲ್ಲಿ ಬದುಕುಳಿದವರು ವ್ಯವಸ್ಥೆಯ ಸದುದ್ದೇಶದಿಂದಲೇ ಒಬ್ಬಂಟಿಯಾದರು.

2011ರ ಮಾರ್ಚ್ 11ರ ಭೂಕಂಪ ಮತ್ತು ಸುನಾಮಿಯ ನಂತರ ಜಪಾನಿನ ಇವಾನುಮಾ ಎಂಬ ಪುಟ್ಟ ನಗರದಲ್ಲಿ ಇದಕ್ಕೆ ವಿರುದ್ಧವಾದ ದಾರಿ ಹಿಡಿದರು. ಕಡಲಂಚಿನ ಆರು ವಸತಿಗಳ ಜನರನ್ನು ಒಳನಾಡಿನ ಹೊಸ ಬಡಾವಣೆಗೆ ಒಟ್ಟಾಗಿಯೇ ಸ್ಥಳಾಂತರಿಸಲಾಯಿತು. ಬಡಾವಣೆಯ ವಿನ್ಯಾಸವನ್ನು ನಿವಾಸಿಗಳೇ ಸಭೆಗಳಲ್ಲಿ ಕೂತು ಚರ್ಚಿಸಿದರು. ಅಲ್ಲಿನ ವೃದ್ಧರ ಮೇಲೆ ನಡೆದ ಅಧ್ಯಯನಗಳು, ಲಾಟರಿಯಲ್ಲಿ ಬೇರೆಬೇರೆಯಾಗಿ ಹೋದವರಿಗಿಂತ ಗುಂಪಾಗಿ ಹೋದವರಲ್ಲಿ ಪರಸ್ಪರ ಒಡನಾಟ ಹೆಚ್ಚು ಉಳಿದಿತ್ತೆಂದು ತೋರಿಸಿವೆ.

ಆದ್ದರಿಂದ ನಿವಾಸಿಗಳ ಸಮಿತಿಗೆ ನನ್ನ ಮೊದಲ ಸಲಹೆ: ಶೆಡ್ಡುಗಳ ಹಂಚಿಕೆ ಆರಂಭವಾಗುವ ಮುನ್ನವೇ, ‘ನಮ್ಮ ಓಣಿಯವರನ್ನು ಒಂದೇ ಸಾಲಿಗೆ ಹಾಕಿ’ ಎಂಬ ಲಿಖಿತ ಮನವಿ ಸಲ್ಲಿಸಿ. ಅದಕ್ಕೆ ಒಂದು ರೂಪಾಯಿಯೂ ಖರ್ಚಾಗುವುದಿಲ್ಲ. ಎರಡನೆಯದು, ಪ್ರತಿ ಸಾಲಿನಲ್ಲೂ ದಿನಕ್ಕೊಮ್ಮೆ ಪ್ರತಿ ಬಾಗಿಲನ್ನು ತಟ್ಟುವ ಜವಾಬ್ದಾರಿಯನ್ನು ಹೆಸರಿಟ್ಟು ಯಾರಿಗಾದರೂ ವಹಿಸಿ. ಎಲ್ಲರೂ ನೋಡಿಕೊಳ್ಳುತ್ತಾರೆ ಎಂದರೆ ಯಾರೂ ನೋಡಿಕೊಳ್ಳುವುದಿಲ್ಲ.

ಇದಕ್ಕೆ ಹೊಸ ಸಂಸ್ಥೆಯೇ ಬೇಕೆಂದಿಲ್ಲ. 2018ರ ಕೇರಳದ ಪ್ರವಾಹದ ನಂತರ ಮನೆಗಳನ್ನು ತೊಳೆದು ವಾಸಯೋಗ್ಯವಾಗಿಸಿದವರಲ್ಲಿ ಕುಟುಂಬಶ್ರೀ ಮಹಿಳೆಯರ ಪಾಲು ದೊಡ್ಡದು. 1998ರಲ್ಲಿ ಬಡತನ ನಿರ್ಮೂಲನೆಗೆಂದು ಆರಂಭವಾದ ಆ ನೆರೆಹೊರೆ ಗುಂಪುಗಳು ಇಪ್ಪತ್ತು ವರ್ಷ ವಾರವಾರ ಸೇರಿ ಉಳಿತಾಯ, ಸಾಲ ಎಂದು ಕೂತದ್ದರಿಂದಲೇ ಯಾರ ಮನೆಯಲ್ಲಿ ಹಾಸಿಗೆ ಹಿಡಿದವರಿದ್ದಾರೆ ಎಂಬುದು ಅವರಿಗೆ ಗೊತ್ತಿತ್ತು. ಕ್ರೈಸ್ಟ್‌ಚರ್ಚ್ ಪಕ್ಕದ ಲಿಟಲ್‌ಟನ್ ಬಂದರಿನಲ್ಲಿಯೂ ಭೂಕಂಪಕ್ಕೆ ವರ್ಷಗಳ ಮುಂಚೆಯೇ ಕೌಶಲಗಳನ್ನು ಗಂಟೆಗಳ ಲೆಕ್ಕದಲ್ಲಿ ವಿನಿಮಯ ಮಾಡಿಕೊಳ್ಳುವ ಟೈಮ್‌ಬ್ಯಾಂಕ್ ಇತ್ತು. ಯಾರಿಗೆ ಚಿಮಣಿ ಇಳಿಸಲು ಬರುತ್ತದೆ, ಯಾರಿಗೆ ಮಕ್ಕಳನ್ನು ನೋಡಿಕೊಳ್ಳಲು ಬಿಡುವಿದೆ ಎಂಬುದು ಅದರ ದಾಖಲೆಯಲ್ಲಿತ್ತು.

ಮರುಪ್ರಶ್ನೆ

ಆರೈಕೆ ಅವರು ಕೊಟ್ಟ ಉದಾಹರಣೆಗಳ ನಂತರ ನನ್ನ ನಿಲುವನ್ನು ಇನ್ನಷ್ಟು ನಿಖರಗೊಳಿಸಬಹುದು. ಕುಟುಂಬಶ್ರೀಯ ಸದಸ್ಯತ್ವ ಮಹಿಳೆಯರದು, ಟೈಮ್‌ಬ್ಯಾಂಕಿನಲ್ಲಿ ಆಸ್ತಿಪಾಸ್ತಿಯ ಪ್ರಶ್ನೆಯೇ ಇಲ್ಲ. ಊರ ಪಂಚಾಯತಿಯ ಪಟ್ಟಿಯಲ್ಲಿ ವಂತಿಗೆ ಕೊಡುವ ಗಂಡಸರಿದ್ದರು. ಹಾಗಾದರೆ ಪಟ್ಟಿ ಇರಬೇಕೇ ಬೇಡವೇ ಎಂಬುದು ಪ್ರಶ್ನೆಯಲ್ಲ. ಮೊದಲು ಅದು ಯಾವ ಉದ್ದೇಶಕ್ಕೆ ತಯಾರಾಯಿತು ಎಂಬುದರ ಮೇಲೆ ಯಾರು ಉಳಿಯುತ್ತಾರೆಂಬುದು ನಿಂತಿದೆ. ತೆರಿಗೆಯ ಪಟ್ಟಿಯನ್ನು ಪರಿಹಾರಕ್ಕೆ ಬಳಸಿದರೆ ತೆರಿಗೆ ಕಟ್ಟುವವರೇ ಸಂತ್ರಸ್ತರಾಗುತ್ತಾರೆ.

ಲೆಕ್ಕಪುಸ್ತಕ

ಹಾಗಾದರೆ ಕಾರ್ಯರೂಪಕ್ಕೆ ಬರೋಣ. ಹೊಸ ಪಟ್ಟಿಯನ್ನು ಮೊದಲ ವಾರದಲ್ಲೇ ಬರೆಯಬೇಕು, ಮನೆಯ ಲೆಕ್ಕದಲ್ಲಿ ಬರೆಯದೆ ಒಲೆಯ ಲೆಕ್ಕದಲ್ಲಿ ಬರೆಯಬೇಕು. ಒಂದೇ ಕಟ್ಟಡದಲ್ಲಿ ಮೂರು ಒಲೆ ಉರಿಯುತ್ತಿದ್ದರೆ ಮೂರು ಸಾಲು. ಮಾಲೀಕರು, ಬಾಡಿಗೆದಾರರು, ಉಪಬಾಡಿಗೆದಾರರು, ಮನೆಗೆಲಸಕ್ಕೆಂದು ಅಲ್ಲೇ ಇದ್ದವರು, ಎಲ್ಲರೂ ಬರಲಿ. ಹಕ್ಕುಪತ್ರದ ಕಾಲಂ ಬೇರೆ ಇರಲಿ, ಅದು ಖಾಲಿ ಇದ್ದರೂ ಸಾಲು ಅಳಿಸಬಾರದು. ಬರೆದ ಪಟ್ಟಿಯನ್ನು ಬಹಿರಂಗ ಸಭೆಯಲ್ಲಿ ಗಟ್ಟಿಯಾಗಿ ಓದಬೇಕು, ಯಾರ ಹೆಸರು ಬಿಟ್ಟಿದೆ ಎಂದು ಮೂರು ಬಾರಿ ಕೇಳಬೇಕು, ಆಕ್ಷೇಪಣೆಗೆ ಒಂದು ವಾರ ಬಿಡಬೇಕು. ಸಭೆಗೆ ಬರಲು ಹಿಂಜರಿಯುವವರ ಬಾಗಿಲಿಗೆ ಓದಿದವರೇ ಹೋಗಬೇಕು.

ಆರೈಕೆ

ಒಳ್ಳೆಯ ಕ್ರಮ. ಆದರೆ ಕಾಯಿಲೆ, ಅಂಗವೈಕಲ್ಯ, ಒಂಟಿ ಮಹಿಳೆ ಎಂಬ ವಿವರಗಳನ್ನು ಗಟ್ಟಿಯಾಗಿ ಓದಬಾರದು, ಫಲಕಕ್ಕೂ ಹಾಕಬಾರದು. ಅವುಗಳಿಗೆ ಬೇರೆ ಪುಸ್ತಕವಿರಲಿ, ಬಾಗಿಲು ತಟ್ಟುವ ಜವಾಬ್ದಾರಿ ಇರುವವರ ಬಳಿ ಮಾತ್ರ ಇರಲಿ. ಮಕ್ಕಳು ಮಾತ್ರ ಉಳಿದ ಮನೆಯ ವಿವರ ಬೀದಿಯ ಫಲಕದಲ್ಲಿದ್ದರೆ ಅದನ್ನು ಓದುವವರೆಲ್ಲ ಒಳ್ಳೆಯವರೇ ಆಗಿರುವುದಿಲ್ಲ.

ಗಾರೆಗೋಡೆ

ಹಾನಿಯ ಕಾಲಂ ಒಂದನ್ನು ನನಗೆ ಬಿಡಿ. ಸಮಿತಿಯವರು ತಾವಾಗಿಯೇ ‘ಪೂರ್ಣ ಹಾನಿ’, ‘ಭಾಗಶಃ ಹಾನಿ’ ಎಂದು ಬರೆಯಬೇಡಿ. ಸರ್ಕಾರಿ ಸಮೀಕ್ಷೆಯ ವರ್ಗೀಕರಣಕ್ಕೂ ನಿಮ್ಮದಕ್ಕೂ ಹೊಂದಾಣಿಕೆಯಾಗದೆ ಪ್ರತಿ ಮನೆಯೂ ತಕರಾರಾಗುತ್ತದೆ. ಕಂಡದ್ದನ್ನು ಮಾತ್ರ ಬರೆಯಿರಿ: ಯಾವ ಗೋಡೆ, ಬಿರುಕು ಎಲ್ಲಿಂದ ಎಲ್ಲಿಗೆ, ನೀರು ಎಷ್ಟು ಎತ್ತರಕ್ಕೆ ನಿಂತಿತ್ತು, ಛಾವಣಿ ಇದೆಯೋ ಇಲ್ಲವೋ. ಜೊತೆಗೆ ದಿನಾಂಕ ಕಾಣುವ ಫೋಟೊ. ವರ್ಗೀಕರಣ ತಪ್ಪಾಗಿದೆ ಎಂದು ಮೇಲ್ಮನವಿ ಹಾಕುವ ದಿನ ಆ ವಿವರಣೆಯೇ ಆಧಾರವಾಗುತ್ತದೆ.

ಬಾಡಿಗೆಮನೆ

ಬಾಡಿಗೆದಾರರ ಸಾಲಿನಲ್ಲಿ ಇನ್ನೊಂದು ಕಾಲಂ ಸೇರಿಸಿ: ವಿಕೋಪದ ತಿಂಗಳಲ್ಲಿ ಕೊಡುತ್ತಿದ್ದ ಬಾಡಿಗೆ ಎಷ್ಟು, ಅದಕ್ಕೆ ಏನು ಪುರಾವೆ ಇದೆ ಎಂದು. ರಸೀದಿ ಇಲ್ಲದಿದ್ದರೆ ಅಕ್ಕಪಕ್ಕದ ಇಬ್ಬರ ಸಹಿ ಪಡೆಯಿರಿ. ಮಾಲೀಕರೂ ಅಲ್ಲೇ ಸಹಿ ಹಾಕಿದರೆ ಇನ್ನೂ ಒಳ್ಳೆಯದು. ಮೊದಲ ವಾರದಲ್ಲಿ ಅವರೂ ಬೀದಿಯಲ್ಲೇ ಇರುತ್ತಾರೆ, ಆಗ ಸಹಿ ಸಿಗುತ್ತದೆ. ಪರಿಹಾರದ ಮೊತ್ತ ಪ್ರಕಟವಾದ ಮೇಲೆ ಸಿಗುವುದಿಲ್ಲ.